ಹೊಸ ಟಿವಿಯಲ್ಲಿ ಹಳೇ ಡಿವಿಡಿಗೆ ಬಣ್ಣ ಬರುತ್ತಿಲ್ಲ ಅಂದವರಿಗೆ

ಅಕ್ಕ, ನಿಮ್ಮ ಪ್ರಶ್ನೆ ಬೆಳಗ್ಗೆಯೇ ನೋಡಿದೆ, ಸಮಾಧಾನದಲ್ಲಿ ಬರೆಯೋಣ ಅಂತ ಈಗ ಕೂತೆ. ಅಪ್ಪ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದ ಊರಿನ ಬಯಲಾಟಗಳ ಡಿಸ್ಕ್, ಹಳೇ ಡಿವಿಡಿ ಪ್ಲೇಯರ್, ಹೊಸದಾಗಿ ತಂದ 43 ಇಂಚಿನ ಟಿವಿ. ಭಾಗವತಿಕೆ, ಚೆಂಡೆ ಎಲ್ಲ ಸರಿಯಾಗಿ ಕೇಳ್ತದೆ, ಆದರೆ ಚಿತ್ರ ಕಪ್ಪು ಬಿಳುಪು. ಅಂಗಡಿಯವರು ಪ್ಲೇಯರ್ ಹೋಗಿದೆ, ಬಿಸಾಡಿ ಅಂದಿದ್ದಾರೆ. ದಯವಿಟ್ಟು ಬಿಸಾಡಬೇಡಿ. ಚಿತ್ರ ನಡುಗದೆ ಬರ್ತಾ ಉಂಟು, ಧ್ವನಿ ಉಂಟು ಅಂದರೆ ಪ್ಲೇಯರ್ ತನ್ನ ಕೆಲಸ ಮಾಡ್ತಾ ಉಂಟು ಅಂತಲೇ ನನ್ನ ಅನಿಸಿಕೆ. ಬಣ್ಣ ಮಾತ್ರ ದಾರಿಯಲ್ಲಿ ಎಲ್ಲೋ ತಪ್ಪಿಹೋಗಿದೆ. ಬಣ್ಣದ ವೇಷವನ್ನು ಬಣ್ಣವಿಲ್ಲದೆ ನೋಡುವುದು ಎಷ್ಟು ಬೇಸರ ಅಂತ ನನಗೂ ಗೊತ್ತು.

ಮೊದಲು ಟಿವಿ, ಪ್ಲೇಯರ್ ಎರಡರದ್ದೂ ಗೋಡೆಯ ಸ್ವಿಚ್ ಆಫ್ ಮಾಡಿ. ಎರಡು ಪಿನ್ನಿನ ಪ್ಲಗ್ ಇರುವ ಪ್ಲೇಯರ್ ಮುಟ್ಟಿದರೆ ಕೈ ಜುಮ್ ಅನ್ನುವುದುಂಟು. ಕರೆಂಟ್ ಇರುವಾಗ ಕೇಬಲ್ ಎಳೆದು ಹಾಕುವುದು ಟಿವಿಗೂ ಒಳ್ಳೆಯದಲ್ಲ.

ಈಗ ಟಿವಿಯ ಹಿಂದೆ ಟಾರ್ಚ್ ಬಿಟ್ಟು ನೋಡಿ. ಹಳೇ ಟಿವಿಯಲ್ಲಿ ಹಳದಿ, ಬಿಳಿ, ಕೆಂಪು ಮೂರು ತೂತು ಬೇರೆ ಬೇರೆ ಇರ್ತಿತ್ತು. ಈಗಿನ ಸುಮಾರು ಟಿವಿಗಳಲ್ಲಿ ಹಳದಿ ತೂತೇ ಇಲ್ಲ. ಹಸಿರು, ನೀಲಿ, ಕೆಂಪು ಮೂರು ಕಾಂಪೊನೆಂಟ್ ತೂತು, ಅಂದರೆ ಬೆಳಕು, ಬಣ್ಣ ಬೇರೆ ಬೇರೆ ತಂತಿಯಲ್ಲಿ ಬರುವಂಥದ್ದು, ಪಕ್ಕದಲ್ಲಿ ಆಡಿಯೊದ ಬಿಳಿ, ಕೆಂಪು. ಹಳದಿ ಪಿನ್ನನ್ನು ಆ ಹಸಿರು ತೂತಿಗೇ ಹಾಕಬೇಕು. ಗಮನವಿಟ್ಟು ನೋಡಿದರೆ ಆ ಹಸಿರು ಉಂಗುರದ ಅರ್ಧ ಭಾಗ ಹಳದಿ ಇರ್ತದೆ, ಇಲ್ಲವೇ ಹತ್ತಿರದಲ್ಲಿ ಚಿಕ್ಕದಾಗಿ ವಿಡಿಯೊ ಅಂತ ಬರೆದಿರ್ತದೆ. ನೀವು ಅಲ್ಲಿಗೇ ಹಾಕಿರಬೇಕು, ಇಲ್ಲದಿದ್ದರೆ ಇಷ್ಟು ಸರಿಯಾದ ಕಪ್ಪು ಬಿಳುಪು ಚಿತ್ರವೂ ಬರುವುದು ಕಷ್ಟ.

ಹಾಗಾದರೆ ತಪ್ಪಿದ್ದು ಎಲ್ಲಿ? ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ನೋಡಿ. ಎವಿ ಅಂತ ಒಂದು (ಹಳದಿ ತಂತಿಗೆ ಇರುವುದು ಇದು), ಕಾಂಪೊನೆಂಟ್ ಅಂತ ಇನ್ನೊಂದು ಇರಬಹುದು. ತೂತು ಒಂದೇ ಆದರೂ ಟಿವಿ ಅದನ್ನು ಓದುವ ರೀತಿ ಬೇರೆ ಬೇರೆ. ಹಳದಿ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಒಟ್ಟಿಗೆ ಬರ್ತವೆ. ನಮ್ಮ ದೇಶದ ಟಿವಿ ಬಣ್ಣದ ಪದ್ಧತಿಗೆ ಪಾಲ್ ಅಂತ ಹೆಸರು, ಅದರಲ್ಲಿ ಬಣ್ಣ 4.43 ಮೆಗಾಹರ್ಟ್ಸ್‌ನಲ್ಲಿ ಬೆಳಕಿನ ಬೆನ್ನ ಮೇಲೆ ಕೂತು ಬರ್ತದೆ. ಕಾಂಪೊನೆಂಟ್ ಆಯ್ಕೆ ಮಾಡಿದಾಗ ಟಿವಿ ಹಸಿರು ತೂತಿನಿಂದ ಬೆಳಕು ಮಾತ್ರ ತಗೊಳ್ತದೆ, ಬಣ್ಣವನ್ನು ನೀಲಿ, ಕೆಂಪು ತೂತಿನಲ್ಲಿ ಹುಡುಕ್ತದೆ. ಅಲ್ಲಿ ಏನೂ ಇಲ್ಲ. ಕಪ್ಪು ಬಿಳುಪು ಬರುವುದು ಇದರಿಂದ. ಎವಿಗೆ ಬದಲಾಯಿಸಿದ ಕೂಡಲೇ ಬಣ್ಣ ಬಂದರೆ ಅಲ್ಲಿಗೆ ಮುಗೀತು. ನಿಮ್ಮದು ಇದೇ ಅಂತ ನನಗೆ ಜಾಸ್ತಿ ನಂಬಿಕೆ.

ಟಿವಿಯಲ್ಲಿ ಇಯರ್‌ಫೋನಿನ ಹಾಗಿರುವ ಒಂದೇ ಚಿಕ್ಕ ಎವಿ ತೂತು ಇದ್ದರೆ ಕಥೆ ಬೇರೆ. ಟಿವಿಯ ಡಬ್ಬದಲ್ಲಿ ಒಂದು ಗೇಣಿನ ಕೇಬಲ್ ಬಂದಿರಬಹುದು, ಅದನ್ನೇ ಹಾಕಿ. ವಿಡಿಯೊ, ಎಡ, ಬಲ, ಗ್ರೌಂಡ್ ನಾಲ್ಕೂ ಆ ಒಂದು ಪಿನ್ನಿನಲ್ಲೇ ಇರ್ತವೆ, ಅವುಗಳ ಕ್ರಮ ಎಲ್ಲ ಕಂಪನಿಯಲ್ಲೂ ಒಂದೇ ಅಲ್ಲ. ಹೊರಗಿಂದ ತಂದ ಕೇಬಲ್ ಹಾಕಿದಾಗ ಚಿತ್ರ ಇಲ್ಲದೆ ಸ್ಪೀಕರಿನಲ್ಲಿ ಗುಂಯ್ ಅಂತ ಸದ್ದು ಬಂದರೆ ವಿಡಿಯೊ ಹೋಗಿ ಆಡಿಯೊಗೆ ಸೇರಿದೆ ಅಂತ ಅರ್ಥ. ಪ್ಲೇಯರಿನ ಹಳದಿಯನ್ನು ಆ ಕೇಬಲಿನ ಕೆಂಪಿಗೋ ಬಿಳಿಗೋ ಹಾಕಿ ನೋಡಿ, ಕೆಲವೊಮ್ಮೆ ಅಷ್ಟಕ್ಕೇ ಸರಿಯಾಗ್ತದೆ. ಆಗದಿದ್ದರೆ ಕೇಬಲ್ಲೇ ಬೇರೆ ಬೇಕು. ಮಂಗಳೂರಿನ ಹಂಪನಕಟ್ಟೆ ಕಡೆ ಹುಡುಕುವಾಗ ಟಿವಿಯ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ, ಸುಮ್ನೆ ಎವಿ ಕೇಬಲ್ ಕೊಡಿ ಅನ್ನಬೇಡಿ.

ಸೋರ್ಸ್ ಸರಿ ಇದ್ದೂ ಬಣ್ಣ ಬರದಿದ್ದರೆ ಪ್ಲೇಯರಿನ ರಿಮೋಟ್ ಹಿಡಿಯಿರಿ. ಸುಮಾರು ಪ್ಲೇಯರುಗಳಲ್ಲಿ ಎನ್/ಪಿ ಅಂತ ಒಂದು ಬಟನ್ ಉಂಟು. ಪಾಲ್, ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್ ಕಡೆಯ ಬಣ್ಣದ ಪದ್ಧತಿ), ಆಟೊ ಮೂರರಲ್ಲಿ ತಿರುಗುತ್ತದೆ. ನಮ್ಮಲ್ಲಿ ಮಾರಿದ ಹ್ಯಾಂಡಿಕ್ಯಾಮ್ ಸಾಮಾನ್ಯವಾಗಿ ಪಾಲ್, ಹಾಗಾಗಿ ಪಾಲ್ ಇಲ್ಲವೇ ಆಟೊದಲ್ಲಿ ಇಡಿ. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಅಂತ ಇದ್ದರೆ ಅದೂ ಆಟೊ ಇರಲಿ. ಇನ್ನೊಂದು ಬಟನ್ ವಿ-ಮೋಡ್ ಇಲ್ಲವೇ ಪಿ-ಸ್ಕ್ಯಾನ್, ಪ್ಲೇಯರ್ ಚಿತ್ರ ಕಳಿಸುವ ರೀತಿ ಬದಲಾಯಿಸುವುದು. ಮಕ್ಕಳ ಕೈಗೆ ರಿಮೋಟ್ ಸಿಕ್ಕಿದರೆ ಮೊದಲು ಕೆಡುವುದು ಇದು. ಪಿ-ಸ್ಕ್ಯಾನ್‌ಗೆ ಹೋದರೆ ತುಂಬಾ ಪ್ಲೇಯರುಗಳಲ್ಲಿ ಹಳದಿ ತಂತಿಯ ಚಿತ್ರ ಹರಿದುಹೋಗ್ತದೆ, ಇಲ್ಲ ಪೂರ್ತಿ ಮಾಯ. ಡಿಸ್ಕ್ ಹೊರಗೆ ತೆಗೆದು ಬಟನ್ ಒಂದು ಸಲ ಒತ್ತಿ, ಐದು ಸೆಕೆಂಡ್ ಕಾದು, ಮತ್ತೆ ಒತ್ತಿ. ಗಡಿಬಿಡಿ ಮಾಡಿದರೆ ಸರಿಯಾದ ಜಾಗ ದಾಟಿಹೋಗುವುದು ಗೊತ್ತೇ ಆಗುವುದಿಲ್ಲ.

ಇನ್ನು ನಮ್ಮ ಕರಾವಳಿಯದ್ದೇ ಒಂದು ಕಾಟ. ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ಇಲ್ಲ. ಹೋದ ಮಳೆಗಾಲದಲ್ಲಿ ನನ್ನ ಪ್ಲೇಯರಿನ ಚಿತ್ರ ಇದ್ದಕ್ಕಿದ್ದ ಹಾಗೆ ಕಾಳು ಕಾಳಾಗಿ ನಡುಗಲು ಶುರು ಆಯ್ತು, ಬಣ್ಣ ಬಂದು ಹೋಗಿ ಮಾಡ್ತಿತ್ತು. ಹಳದಿ ಪಿನ್ ಹೊರಗೆ ಎಳೆದರೆ ನಡುವಿನ ಕಡ್ಡಿಯ ಬುಡದಲ್ಲಿ ಹಸಿರು ಪಾಚಿಯ ಹಾಗೆ ಕಿಲುಬು. ಉಪ್ಪುಗಾಳಿಗೆ ಹೊಳಪು ಹೋಗಿ ಉಂಗುರ ಮಂಕಾಗಿತ್ತು. ಕಿವಿಕಡ್ಡಿಯ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿದೆ, ಹತ್ತಿ ಹಸಿರಾಗಿ ಬಂತು. ಐದು ನಿಮಿಷ ಒಣಗಲು ಬಿಟ್ಟು, ತೂತಿಗೆ ಹಾಕಿ ಪಿನ್ನನ್ನು ನಾಲ್ಕೈದು ಸಲ ತಿರುಗಿಸಿದೆ. ಚಿತ್ರ ಗಟ್ಟಿಯಾಗಿ ನಿಂತಿತು. ತೆಂಗಿನೆಣ್ಣೆ, ಮರಳುಕಾಗದ ಎರಡೂ ಬೇಡ ಅಕ್ಕ. ಎಣ್ಣೆ ಧೂಳು ಹಿಡಿಯುತ್ತದೆ, ಮರಳುಕಾಗದ ಮೇಲಿನ ಲೇಪ ಕೀಳುತ್ತದೆ.

ನಿಮ್ಮ ಪ್ಲೇಯರಿನ ಹಿಂದೆ ಎಚ್‌ಡಿಎಂಐ ತೂತು ಉಂಟಾ ಅಂತಲೂ ನೋಡಿ. ಇದ್ದರೆ ಹಳದಿ ಕೇಬಲ್ ಬಿಟ್ಟುಬಿಡಿ, ಒಂದೇ ಕೇಬಲಿನಲ್ಲಿ ಚಿತ್ರ, ಧ್ವನಿ ಎರಡೂ ಹೋಗ್ತವೆ. ಮೊದಲು ಟಿವಿ ಹಾಕಿ, ಆ ಇನ್‌ಪುಟ್ ಆಯ್ಕೆ ಮಾಡಿ, ಆಮೇಲೆ ಪ್ಲೇಯರ್ ಹಾಕಿ. ಪರದೆ ಕಪ್ಪಾದರೆ ರಿಮೋಟ್‌ನಲ್ಲಿ ಎಚ್‌ಡಿಎಂಐ ಇಲ್ಲವೇ ರೆಸಲ್ಯೂಷನ್ ಬಟನ್ ಒತ್ತಿ ಕಡಿಮೆಯದ್ದಕ್ಕೆ ತನ್ನಿ. ಡಿಸ್ಕಿನಲ್ಲಿ ಇರುವುದೇ ಹೆಚ್ಚೆಂದರೆ 720×576 ಚುಕ್ಕಿ. ಅದಕ್ಕೆ ಸಾವಿರಾರು ರೂಪಾಯಿಯ ಕೇಬಲ್ ಯಾರು ಹೇಳಿದರೂ ತಗೊಳ್ಳಬೇಡಿ, ಸಾದಾ ಕೇಬಲ್ ಸಾಕು.

ಪ್ಲೇಯರಿನಲ್ಲಿ ಎಚ್‌ಡಿಎಂಐ ಇಲ್ಲ, ಟಿವಿಯಲ್ಲಿ ಎವಿ ಇಲ್ಲ ಅಂತಾದರೆ ನಡುವೆ ಒಂದು ಚಿಕ್ಕ ಪೆಟ್ಟಿಗೆ ಬೇಕು. ಎವಿಯಿಂದ ಎಚ್‌ಡಿಎಂಐಗೆ ಹೋಗುವ ಕನ್ವರ್ಟರ್ ಅಂತ ಸ್ಪಷ್ಟವಾಗಿ ಕೇಳಿ. ಉಲ್ಟಾ ಹೋಗುವುದೂ ನೋಡಲಿಕ್ಕೆ ಹಾಗೆಯೇ ಇರ್ತದೆ, ನಮ್ಮ ಭಾವ ಅದನ್ನೇ ತಂದು ಎರಡು ದಿನ ಒದ್ದಾಡಿದರು. ಅದಕ್ಕೆ 5 ವೋಲ್ಟ್ ಕರೆಂಟ್ ಬೇಕು, ಮೊಬೈಲ್ ಚಾರ್ಜರ್ ಆಗ್ತದೆ.

ಬಣ್ಣ ಬಂದ ಮೇಲೆ ವೇಷಗಳು ಕುಳ್ಳಗೆ ದಪ್ಪಗೆ ಕಂಡರೆ ಟಿವಿಯ ಪಿಕ್ಚರ್ ಸೈಜ್ 4:3 ಮಾಡಿ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಬರ್ತದೆ, ಬರಲಿ. ಕಿರೀಟ ಗುಂಡಗೆ ಇರಬೇಕು ಅಲ್ವಾ.

ಮತ್ತೆ, ಮನೆಯಲ್ಲಿ ಬರೆದ ಡಿಸ್ಕ್‌ಗಳ ವಿಷಯದಲ್ಲಿ ತಡ ಮಾಡಬೇಡಿ. ಅದರಲ್ಲಿ ಬರೆದದ್ದನ್ನು ಹಿಡಿದಿಡುವುದು ಡೈ ಅನ್ನುವ ಒಂದು ಬಣ್ಣದ ಪದರ. ಬಿಸಿಗೆ, ಬಿಸಿಲಿಗೆ ಮಾಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಮೇಲೆ ಬೂಸಲು ಬೇರೆ. ಒರೆಸುವಾಗ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದಿದ್ದರೆ ಲ್ಯಾಪ್‌ಟಾಪಿಗೆ ಹಾಕಿ ವಿಡಿಯೊ_ಟಿಎಸ್ ಅನ್ನುವ ಫೋಲ್ಡರ್ ಇಡೀ ಕಾಪಿ ಮಾಡಿ. ಒಂದು ಡಿಸ್ಕಿಗೆ 4.7 ಜಿಬಿ ಜಾಗ ಲೆಕ್ಕ ಹಿಡಿಯಿರಿ. ಎರಡು ಕಡೆ ಇಡಿ. ಡ್ರೈವ್ ಇಲ್ಲದಿದ್ದರೆ ನನ್ನದು ಉಂಟು, ಉಡುಪಿಗೆ ಬರುವಾಗ ಹೇಳಿ, ಕೊಡ್ತೇನೆ.

ಇವತ್ತು ರಾತ್ರಿ ಸೋರ್ಸ್ ಒಂದು ಬದಲಾಯಿಸಿ ನೋಡಿ. ಆಗದಿದ್ದರೆ ಟಿವಿಯ ಹಿಂಬದಿಯದ್ದೊಂದು, ಪ್ಲೇಯರಿನ ಹಿಂಬದಿಯದ್ದೊಂದು ಫೋಟೊ ಇಲ್ಲೇ ಹಾಕಿ. ಬೆಳಕು ಬಿಟ್ಟು ತೆಗೆಯಿರಿ, ತೂತುಗಳ ಕೆಳಗಿನ ಅಕ್ಷರ ಓದಲಿಕ್ಕೆ ಆಗಬೇಕು.