ಹೊಗಳಿಕೆಯಂತೆ ಕೇಳಿಸುವ ಮೂದಲಿಕೆ

ಮಾನ್ಯರೇ,

ರಜೆ ಹಾಕದೆ ಗೈರಾಗಿದ್ದ ಸಹೋದ್ಯೋಗಿಯ ಪರವಾಗಿ ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಒಪ್ಪದ ನಿಮ್ಮ ಮಗಳನ್ನು ಜೊತೆಯವರು ‘ಗುಡಿ ಟೂ ಶೂಸ್’ ಎಂದು ಕರೆದರೆಂದು ಬರೆದಿದ್ದೀರಿ. ಅದು ಮೆಚ್ಚುಗೆಯ ಮಾತೇ, ‘ಹೋಲಿಯರ್ ದ್ಯಾನ್ ದೌ’, ‘ಡೂ-ಗುಡರ್’ ಎಂಬ ಮಾತುಗಳ ಅರ್ಥವೂ ಅದೇ ಏನು ಎಂದು ಕೇಳಿದ್ದೀರಿ.

ಮೆಚ್ಚುಗೆಯ ಮಾತು ಅದಲ್ಲ. 1765ರಲ್ಲಿ ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ ಹೊರತಂದ ಮಕ್ಕಳ ಕಥೆಯಿಂದ ಈ ಹೆಸರು ಮನೆಮಾತಾಯಿತು. ‘ಗುಡಿ’ ಎಂಬುದು ಆಗ ಸಾಮಾನ್ಯ ಮನೆತನದ ಹೆಂಗಸರ ಹೆಸರಿನ ಮುಂದೆ ಸೇರಿಸುತ್ತಿದ್ದ, ‘ಗುಡ್‌ವೈಫ್’ ಎಂಬುದರ ಮೊಟಕು ರೂಪ. ಕಥೆಯ ಮಾರ್ಜರಿ ತಂದೆತಾಯಿಯಿಲ್ಲದ ಬಡ ಹುಡುಗಿ. ಒಂದೇ ಕಾಲಿಗೆ ಮೆಟ್ಟು ಇದ್ದ ಆಕೆ, ಹೊಸ ಜೋಡು ಸಿಕ್ಕಾಗ ಕಂಡವರಿಗೆಲ್ಲ ಎರಡೂ ಮೆಟ್ಟುಗಳನ್ನು ತೋರಿಸಿ ಹಿಗ್ಗುತ್ತಾಳೆ, ಮುಂದೆ ತಾನು ಓದಲು ಕಲಿತು ಉಳಿದ ಮಕ್ಕಳಿಗೂ ಕಲಿಸುತ್ತಾಳೆ. ಅವಳಲ್ಲಿ ಬಡಿವಾರದ ಸುಳಿವೂ ಇಲ್ಲ. ಆದರೂ ಅವಳ ಹೆಸರು, ಹಿರಿಯರ ಶಹಬ್ಬಾಸ್‌ಗಿರಿಗಾಗಿಯೇ ನೆಟ್ಟಗೆ ನಡೆಯುವವರನ್ನು ಕುಟುಕುವ ಮಾತಾಗಿ ಉಳಿದುಬಿಟ್ಟಿರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

‘ಹೋಲಿಯರ್ ದ್ಯಾನ್ ದೌ’ ಹೊರಿಸುವ ಆರೋಪ ಬೇರೆ. 1611ರ ಇಂಗ್ಲಿಷ್ ಬೈಬಲ್ಲಿನ ಯೆಶಾಯನ ಗ್ರಂಥದ 65ನೆಯ ಅಧ್ಯಾಯದಲ್ಲಿ, ಹತ್ತಿರ ಬರಬೇಡ, ನಾನು ನಿನಗಿಂತ ಪವಿತ್ರ ಎನ್ನುವವರನ್ನು ದೇವರೇ ಖಂಡಿಸುವ ಮಾತು ಅದು. ಆದ್ದರಿಂದ ಅದರ ಗುರಿ ಒಳ್ಳೆಯತನವಲ್ಲ, ಅಹಂಕಾರ. ‘ಡೂ-ಗುಡರ್’ ಎಂದರೆ ಕೇಳದಿದ್ದರೂ ಉಪಕಾರ ಮಾಡಲು ಮುನ್ನುಗ್ಗುವವರು. ‘ಪ್ರಿಗ್’ ಎಂದರೆ ತನ್ನ ಶಿಸ್ತಿನ ಅಳತೆಗೋಲನ್ನು ಎಲ್ಲರ ಮೇಲೂ ಹಿಡಿಯುವವರು.

ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ‘ವೌಸರ್’ ಎಂಬ ಬೈಗುಳವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಕುಡಿತ, ಜೂಜುಗಳನ್ನು ವಿರೋಧಿಸುವವರನ್ನು, ಪರರ ಸಂತೋಷ ಸಹಿಸದವರೆಂದು ಹಳಿಯುವ ಪದ ಅದು. ಆದರೆ 1893ರಲ್ಲಿ ನ್ಯೂಜಿಲೆಂಡಿನ ಮಹಿಳೆಯರಿಗೆ ಮತದಾನದ ಹಕ್ಕು ತಂದುಕೊಟ್ಟ ಹೋರಾಟದ ಮುಂಚೂಣಿಯಲ್ಲಿದ್ದ ಕೇಟ್ ಶೆಪರ್ಡ್ ಪಾನವಿರೋಧಿ ಮಹಿಳಾ ಸಂಘಟನೆಯಿಂದಲೇ ಬಂದವರು. ಇಂಥವರನ್ನು ಅತಿ ಸಜ್ಜನರೆಂದು ತಳ್ಳಿಹಾಕಿದರೆ ಅವರು ಎತ್ತಿದ ಪ್ರಶ್ನೆಗೆ ಉತ್ತರ ಕೊಡುವ ಕಷ್ಟ ತಪ್ಪುತ್ತದೆ.

ನಿಮ್ಮ ಮಗಳ ವಿಷಯದಲ್ಲಿ ಆಗಿರುವುದೂ ಇದೇ ಎಂದು ನಾನು ತಿಳಿಯುತ್ತೇನೆ. ಆಕೆ ಯಾರಿಗೂ ಉಪದೇಶ ಮಾಡಲಿಲ್ಲ, ಮೇಲಿನವರಿಗೆ ದೂರನ್ನೂ ಒಯ್ಯಲಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಈ ಪದಗಳಲ್ಲಿ ಒಂದೂ ಆಕೆಗೆ ಸಲ್ಲುವುದಿಲ್ಲ. ಇನ್ನೊಮ್ಮೆ ಯಾರಾದರೂ ಹಾಗೆ ಕರೆದರೆ, ಬೇರೆಯವರ ಸಹಿ ನಾನು ಹಾಕುವುದಿಲ್ಲ ಎಂದಷ್ಟೇ ಆಕೆ ಹೇಳಲಿ.

— ಸಂಪಾದಕ