ಇಷ್ಟಲಿಂಗದ ಕರಡಿಗೆ ತೆಗೆಯುವ ಮುನ್ನ ಕೇಳಿ

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕೋವಿಡ್ ವಾರ್ಡ್‌ನಲ್ಲಿ ದುಡಿದ ಹಿರಿಯ ಸಿಸ್ಟರ್‌ಗಳು ‘ರೋಗಿಯ ನಂಬಿಕೆಯನ್ನೂ ನೋಡಿಕೊಳ್ಳಬೇಕು’ ಎನ್ನುತ್ತಾರೆ. ಮೈತುಂಬ ಪಿಪಿಇ, ಕೈತುಂಬ ಕೆಲಸ ಇರುವಾಗ ಇದು ಹೇಗೆ ಸಾಧ್ಯ?
– ಓದುಗರು, ದಾವಣಗೆರೆ

ಉತ್ತರ: ಪೂಜೆ ಮಾಡಿಸುವುದು, ಪ್ರವಚನ ಹೇಳುವುದು ನರ್ಸ್ ಕೆಲಸವಲ್ಲ. ರೋಗಿ ಯಾವುದನ್ನು ನೆಚ್ಚಿಕೊಂಡಿದ್ದಾರೆ ಎಂದು ಕೇಳಿ ತಿಳಿದು, ಚಿಕಿತ್ಸೆಯ ಗಡಿಬಿಡಿಯಲ್ಲಿ ಅದು ಕೈತಪ್ಪದಂತೆ ಕಾಯುವುದು ನಿಮ್ಮ ಕೆಲಸ. ದಾಖಲಾಗುವಾಗ ಅಲರ್ಜಿ, ಸಕ್ಕರೆ ಕಾಯಿಲೆ ವಿಚಾರಿಸುತ್ತೀರಲ್ಲ, ಅದರ ಜೊತೆಗೇ ಕೇಳಿ: ‘ಕಷ್ಟ ಬಂದಾಗ ನಿಮಗೆ ಧೈರ್ಯ ಕೊಡೋದು ಏನು? ಅದಕ್ಕೆ ನಾವಿಲ್ಲಿ ಏನು ಮಾಡಬೇಕು?’ ಎರಡು ನಿಮಿಷ ಸಾಕು. ‘ಮೊಮ್ಮಗಳ ದನಿ ಕೇಳಿದ್ರೆ ಸಾಕು’ ಅಂದರೆ ಅದೂ ಉತ್ತರವೇ. ಕೇಸ್ ಶೀಟ್‌ನಲ್ಲಿ ಬರೆಯಿರಿ, ಶಿಫ್ಟ್ ಬದಲಾಗುವಾಗ ಬಾಯಲ್ಲೂ ಹೇಳಿ. ಬರೆಯದಿದ್ದರೆ ರಾತ್ರಿ ಪಾಳಿಯವರಿಗೆ ಅದು ಗೊತ್ತೇ ಆಗುವುದಿಲ್ಲ.

ನಮ್ಮ ಕಡೆ ಹೆಚ್ಚು ಎಡವಟ್ಟಾಗುವುದು, ಉಸಿರಾಟ ಸುಧಾರಿಸಲೆಂದು ರೋಗಿಯನ್ನು ಬೋರಲು ಮಲಗಿಸುವಾಗ. ವೆಂಟಿಲೇಟರ್‌ನಲ್ಲಿರುವವರು ಒಮ್ಮೆಗೆ 16 ಗಂಟೆಯಷ್ಟು ಹೊತ್ತು ಹಾಗೇ ಇರಬೇಕಾಗಬಹುದು. ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದ್ದರೆ ಒತ್ತಿ ಹುಣ್ಣಾಗುತ್ತದೆ. ಹಾಗಂತ ಕತ್ತರಿ ತಂದು ಶಿವದಾರ ಕತ್ತರಿಸಿ ಲಾಕರ್‌ಗೆ ಹಾಕಿದರೆ, ಲಿಂಗವನ್ನು ಮೈಯಿಂದ ಅಗಲಿಸಬಾರದು ಎಂದು ಬದುಕಿದವರಿಗೆ ಅದು ಕಾಯಿಲೆಗಿಂತ ದೊಡ್ಡ ನೋವು. ಅರಿವಳಿಕೆ ಕೊಡುವ ಮೊದಲೇ ಕೇಳಿ. ಪ್ರಜ್ಞೆ ಇಲ್ಲದಿದ್ದರೆ ಮನೆಯವರಿಗೆ ಫೋನ್ ಮಾಡಿ. ಒಪ್ಪಿದರೆ ಲಿಂಗವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಡ್ರಿಪ್ ಮತ್ತು ಬಿಪಿ ಪಟ್ಟಿ ಇಲ್ಲದ ತೋಳಿಗೆ ಕಟ್ಟಿ. ಬೋರಲು ಮಲಗಿದವರ ಕೈ ಬಾತುಕೊಳ್ಳುವುದುಂಟು, ಆದ್ದರಿಂದ ದಾರದಡಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಪ್ರತಿ ಸಲ ತಲೆ, ಕೈ ಹೊರಳಿಸುವಾಗ ಅಲ್ಲೂ ಕಣ್ಣಾಡಿಸಿ. ತಾಳಿ, ಜನಿವಾರ, ತಾಯತಕ್ಕೂ ಹೀಗೇ: ಮೊದಲು ಕೇಳಿ, ಆಮೇಲೆ ಕೈ ಹಾಕಿ.

ಇನ್ನು ಪಿಪಿಇ. ರೋಗಿಗೆ ಕಾಣುವುದು ಬಿಳಿ ಬಟ್ಟೆ, ಆವಿ ಕಟ್ಟಿದ ಕನ್ನಡಕ, ಅಷ್ಟೇ. ಗೌನಿನ ಎದೆಯ ಮೇಲೆ ಮಾರ್ಕರ್‌ನಿಂದ ದಪ್ಪ ಕನ್ನಡ ಅಕ್ಷರದಲ್ಲಿ ಹೆಸರು ಬರೆದುಕೊಳ್ಳಿ. ಪಶ್ಚಿಮ ಆಫ್ರಿಕದ ಎಬೋಲಾ ಸಮಯದಲ್ಲಿ, ಲೈಬೀರಿಯಾದಲ್ಲಿ, ನಗುಮುಖದ ಫೋಟೊವನ್ನೇ ಅಂಟಿಸಿಕೊಳ್ಳುತ್ತಿದ್ದರು. ಕೋವಿಡ್‌ನಲ್ಲೂ ಹಲವೆಡೆ ಅದನ್ನೇ ಮಾಡಿದರು. ‘ದೇವರಿದ್ದಾನೆ, ಏನೂ ಆಗಲ್ಲ’ ಎಂಬ ಮಾತು ಬೇಡ. ನಿಮ್ಮ ಕೈಲಿಲ್ಲದ ಭರವಸೆ ಅದು. ‘ಭಯ ಆಗ್ತಿದೆ ಅಲ್ವಾ ಅಜ್ಜಿ? ರಾತ್ರಿ ಎಂಟರವರೆಗೂ ನಾನು ಇದೇ ವಾರ್ಡ್‌ನಲ್ಲಿ ಇರ್ತೀನಿ’ ಅನ್ನಿ. ಇದು ನಿಜವಾದ ಮಾತು, ಅದಕ್ಕೇ ಮನಸ್ಸಿಗೆ ನಾಟುತ್ತದೆ.

ಪ್ರಶ್ನೆ: ಅಮ್ಮ ಐಸಿಯುನಲ್ಲಿದ್ದಾಗ ತೀರ್ಥ, ವಿಭೂತಿ, ಊದುಬತ್ತಿ ಕಳಿಸಿದ್ದೆವು. ಸಿಸ್ಟರ್ ವಿಭೂತಿ ಮಾತ್ರ ತೆಗೆದುಕೊಂಡರು. ಕಾರಣವೇನಿರಬಹುದು?
– ಓದುಗರು, ಶಿರಸಿ

ಉತ್ತರ: ಊದುಬತ್ತಿ ಬೇಡವೆಂದದ್ದು ಸರಿಯೇ. ಆಮ್ಲಜನಕ ಹಾಸಿಗೆ ಬಟ್ಟೆಯಲ್ಲೆಲ್ಲ ಸೇರಿಕೊಂಡಿರುತ್ತದೆ; ಒಂದು ಕಿಡಿ ಸಾಕು. ಸ್ಯಾನಿಟೈಸರ್ ಕೂಡ ಉರಿಯುವ ವಸ್ತುವೇ. ದೀಪ ಬೇಕಾದರೆ ಬ್ಯಾಟರಿಯದು ಕೊಡಿ. ತೀರ್ಥದ ತೊಂದರೆ ಬೇರೆ: ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಏದುಸಿರು ಬಿಡುವವರಿಗೆ ನುಂಗುವುದೂ ಉಸಿರಾಡುವುದೂ ಹೊಂದುವುದಿಲ್ಲ, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ವೈದ್ಯರು ಒಪ್ಪಿದರೆ, ಶುದ್ಧ ಗಾಜ್ ಬಟ್ಟೆಯನ್ನು ತೀರ್ಥದಲ್ಲಿ ಅದ್ದಿ, ಪೂರ್ತಿ ಹಿಂಡಿ, ತುಟಿಗೆ ಮುಟ್ಟಿಸಬಹುದು. ವಿಭೂತಿ ಹಣೆಗೆ ಚಿಟಿಕೆಯಷ್ಟು ಸಾಕು. ಉಸಿರಾಟದ ಮಾಸ್ಕ್ ಅಂಚಿಗೆ ತಾಗಿದರೆ ಗಾಳಿ ಸೋರುತ್ತದೆ.

ಫೋನಿನಲ್ಲಿ ವಚನ, ಸುಪ್ರಭಾತ, ಕುರಾನ್ ಪಠಣ ಕೇಳಿಸುವುದಾದರೆ ಮೊಬೈಲನ್ನು ಜಿಪ್ ಕವರಿನಲ್ಲಿಟ್ಟು, ಕಿವಿಯ ಪಕ್ಕದಲ್ಲೇ ಹಿಡಿಯಬೇಕು. ಮೂಗಿನ ಮೂಲಕ ರಭಸವಾಗಿ ಆಮ್ಲಜನಕ ಕೊಡುವ ಹೈಫ್ಲೋ ಯಂತ್ರದಲ್ಲಿ ನಿಮಿಷಕ್ಕೆ 60 ಲೀಟರ್‌ವರೆಗೂ ಗಾಳಿ ನುಗ್ಗುತ್ತದೆ, ಆ ಸದ್ದಿನಲ್ಲಿ ದೂರದ ದನಿ ಕೇಳದು. ವಿಡಿಯೊ ಕಾಲ್ ಆದರೆ, ಮುಖ ಬಾತಿದೆ, ಬಾಯಲ್ಲಿ ಕೊಳವೆ ಇದೆ ಎಂದು ಸಿಸ್ಟರ್ ಮನೆಯವರಿಗೆ ಮೊದಲೇ ಹೇಳಿರಬೇಕು. ನಿದ್ದೆಯ ಔಷಧದಲ್ಲಿದ್ದವರಿಗೂ ಕೇಳಿಸುತ್ತಿರಬಹುದು; ಹೆಸರು ಹಿಡಿದು ಮಾತಾಡಿ.

ಪ್ರಶ್ನೆ: ಒಂದೇ ಪಾಳಿಯಲ್ಲಿ ಎರಡು ಸಾವು ಕಂಡರೆ ಮನಸ್ಸು ಕಲ್ಲಾಗುತ್ತದೆ. ಮುಂದಿನ ರೋಗಿಗೆ ಮರುಗುವುದು ಹೇಗೆ?
– ನರ್ಸ್, ಕಲಬುರಗಿ

ಉತ್ತರ: ಅದು ನಿಮ್ಮ ದೋಷವಲ್ಲ, ದಣಿವು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಒಬ್ಬ ನರ್ಸ್ ರೂಢಿಗೆ ತಂದ ಪದ್ಧತಿಯೊಂದಿದೆ. ಸಾವು ಘೋಷಣೆಯಾದ ಮೇಲೆ, ಯಾರಾದರೂ ಒಬ್ಬರು ‘ಇವರು ಯಾರಿಗೋ ತಾಯಿ, ಯಾರಿಗೋ ಅಕ್ಕ ಆಗಿದ್ದರು’ ಎಂದು ನೆನೆಯುತ್ತಾರೆ. ಮಂಚದ ಸುತ್ತ ಇರುವವರೆಲ್ಲ ಅರ್ಧ ನಿಮಿಷದಷ್ಟು ಸುಮ್ಮನೆ ನಿಲ್ಲುತ್ತಾರೆ. ಮಂತ್ರವಿಲ್ಲ, ಯಾವ ಧರ್ಮದವರೂ ನಿಲ್ಲಬಹುದು. ಆಮೇಲೆಯೇ ಕೊಳವೆ ತೆಗೆಯುವುದು. ಜೊತೆಗೆ ಪಿಪಿಇ ಬಿಚ್ಚಿದ ಕೂಡಲೇ ನೀರು ಕುಡಿದು, ಹತ್ತು ನಿಮಿಷ ಕೂತು, ಆಮೇಲೆ ರಿಜಿಸ್ಟರ್ ಹಿಡಿಯಿರಿ. ವಾರಗಟ್ಟಲೆ ನಿದ್ದೆ ಬಾರದೆ, ಕೆಲಸಕ್ಕೆ ಹೋಗಲೇ ಭಯವಾದರೆ 14416ಕ್ಕೆ ಕರೆ ಮಾಡಿ. ಟೆಲಿಮಾನಸ್ ಎಂಬ ಈ ಮಾನಸಿಕ ಆರೋಗ್ಯ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ, ಹಗಲು ರಾತ್ರಿ ಸಿಗುತ್ತದೆ.