ಒಳ್ಳೆ ಹಾವು ಈಜಿದ ಹಾಗಲ್ಲ

ಚಿತ್ರದುರ್ಗದ ಲೇಖಕ ಮಿತ್ರರಿಗೆ ನಮಸ್ಕಾರ.

ನೀವು ಕಳಿಸಿದ ‘ಕಡಲಿನ ಬಿರುಗೂದಲ ಹುಳುಗಳು’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ವಿಷಯ ಹೊಸದು, ನಿಮ್ಮ ಭಾಷೆಗೆ ಓಟವೂ ಇದೆ. ಆದರೆ ಹನ್ನೊಂದು ಹುಳುಗಳನ್ನು ಹಿಡಿದು ತಂದು ಸಂತೆಯಲ್ಲಿ ನಿಲ್ಲಿಸಿದ್ದೀರಿ, ಒಂದನ್ನೂ ಅಂಗೈ ಮೇಲಿಟ್ಟು ನೋಡಿಲ್ಲ. ಹಾಗೆ ಬರೆದಾಗ ಎಲ್ಲೆಲ್ಲಿ ಸಿಕ್ಕಿಬೀಳುತ್ತೀರಿ ಅಂತ ಹೇಳಿಬಿಡುತ್ತೇವೆ.

ಶುರುವಿಗೆ ಐಮಂಗಲದ ಹತ್ತಿರದ ಮರಡಿಹಳ್ಳಿ ದಿಂಬು ಲಾವಾ ಇಟ್ಟಿದ್ದೀರಿ. ನಮ್ಮ ಕಡೆಯ ಓದುಗರಿಗೆ ಗೊತ್ತಿರುವ ಜಾಗ. ಲಾವಾ ನೀರಿನೊಳಗೆ ಉಕ್ಕಿ, ದಿಂಬಿನ ಹಾಗೆ ಉಬ್ಬಿ ಗಟ್ಟಿಯಾದದ್ದೂ ನಿಜ. ‘ಆ ಕಡಲಿನಲ್ಲಿ ಈ ಹುಳುಗಳು ಹರಿದಾಡಿಕೊಂಡಿದ್ದವು’ ಅಂದಿರಿ ನೋಡಿ, ಅಲ್ಲಿ ಕಾಲು ಜಾರಿತು. ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ಬಿರುಗೂದಲ ಹುಳುಗಳ ಅತಿ ಹಳೆಯ ಪಳೆಯುಳಿಕೆ ಕೇಂಬ್ರಿಯನ್ ಕಾಲದ್ದು, ಸುಮಾರು 52 ಕೋಟಿ ವರ್ಷ. ಲಾವಾ ಹರಿದಾಗ ಪ್ರಾಣಿ ಅನ್ನುವುದೇ ಇನ್ನೂ ಹುಟ್ಟಿರಲಿಲ್ಲ. ಕಲ್ಲು ಬೇಕೇಬೇಕೆಂದರೆ ಆ ಅಂತರವನ್ನೇ ಬರೆಯಿರಿ, ಅದೇ ಹೆಚ್ಚು ಬೆರಗಿನ ಸಂಗತಿ. ಸೂಳೆಕೆರೆ ಕೆಸರಿನಲ್ಲಿ ‘ಇವೇ ಹುಳುಗಳು ಸಿಗುತ್ತವೆ’ ಎಂಬ ಸಾಲನ್ನು ಮಾತ್ರ ತೆಗೆಯಿರಿ. ಈ ಗುಂಪಿನಲ್ಲಿ ಸಿಹಿನೀರಿನವು ನೂರಕ್ಕೆ ಎರಡೂ ಇಲ್ಲ. ನೀವು ಕಂಡದ್ದು ಎರೆಹುಳುವಿನ ಕಡೆಯವೋ ಜಿಗಣೆಯೋ ಇರಬೇಕು.

ಇನ್ನು ನೀರಿಸ್ ಎಂಬ ಬಿರುಗೂದಲ ಹುಳುವಿನ ಬಗ್ಗೆ ಬರೆದ ‘ನೀರಿಸ್ ಹಾವಿನಂತೆ ಬಳುಕುತ್ತಾ ಈಜುತ್ತದೆ’ ಎಂಬ ವಾಕ್ಯ. ಓದಲು ಸೊಗಸು, ಸಂಗತಿ ತಿರುಗುಮುರುಗು. ಕೆರೆಯಲ್ಲಿ ಒಳ್ಳೆ ಹಾವು ಈಜುವಾಗ ಬಳುಕು ತಲೆಯಿಂದ ಹೊರಟು ಬಾಲಕ್ಕೆ ಸಾಗುತ್ತದೆ. ನೀರು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಹಾವು ಮುಂದಕ್ಕೆ ಹೋಗುತ್ತದೆ. ನೀರಿಸ್‌ನಲ್ಲಿ ಬಳುಕು ಬಾಲದಿಂದ ತಲೆಗೆ ಓಡುತ್ತದೆ. ನುಣುಪು ಮೈಯ ಹಾವು ಹೀಗೆ ಮಾಡಿದರೆ ಹಿಂದಕ್ಕೇ ಹೋದೀತು. ಹುಳು ಮುಂದಕ್ಕೆ ಹೋಗುವುದು ಪಕ್ಕಗಾಲುಗಳಿಂದ. (ಪಠ್ಯಪುಸ್ತಕದ ‘ಪಾರ್ಶ್ವಪಾದ’ಕ್ಕಿಂತ ಇದು ನಾಲಿಗೆಗೆ ಹಗುರ.) ಪ್ರತಿ ಉಂಗುರದ ಎರಡೂ ಬದಿಗೆ ಒಂದೊಂದು ಪಕ್ಕಗಾಲು, ಅದರಲ್ಲಿ ಮೇಲೊಂದು ಹಾಲೆ, ಕೆಳಗೊಂದು ಹಾಲೆ, ಎರಡರ ತುದಿಯಲ್ಲೂ ಬಿರುಗೂದಲಿನ ಕುಚ್ಚು, ಒಳಗೆ ಡೇರೆಗೆ ಗೂಟವಿದ್ದ ಹಾಗೆ ದಪ್ಪನೆಯ ಕಡ್ಡಿ. ಮೈ ಬಾಗಿ ಉಬ್ಬಿದ ಕಡೆ ಪಕ್ಕಗಾಲು ಹೊರಚಾಚಿ, ಕೂದಲು ಬಿಚ್ಚಿ, ಹುಟ್ಟು ಹಾಕಿದ ಹಾಗೆ ಹಿಂದಕ್ಕೆ ಬೀಸುತ್ತದೆ. ತಗ್ಗಿನಲ್ಲಿರುವುದು ಕೂದಲು ಮಡಚಿಕೊಂಡು ಮುಂದಕ್ಕೆ ಮರಳುತ್ತದೆ. ನಿಮ್ಮ ಲೇಖನದ ನಡುಭಾಗ ಇದೇ ಆಗಲಿ. ಇದೊಂದಕ್ಕೇ ಮುನ್ನೂರು ಪದ ಕೊಟ್ಟರೂ ಬೇಜಾರಾಗುವುದಿಲ್ಲ.

ಬಿರುಗೂದಲು ಅಂದರೆ ಏನೆಂದು ತೋರಿಸಲು ಕಡಲಿಗೆ ಹೋಗಬೇಕಿಲ್ಲ. ಯಾರದಾದರೂ ತೋಟದ ಎರೆಗೊಬ್ಬರದ ತೊಟ್ಟಿಯಿಂದ ದೊಡ್ಡದೊಂದು ಹುಳು ತಂದು, ನೀರಿನಲ್ಲಿ ತೊಳೆದು, ಒಣ ಕಾಗದದ ಮೇಲೆ ಬಿಡಿ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಕೆರೆದ ಸದ್ದು ಕೇಳುತ್ತದೆ. ಉಂಗುರಕ್ಕೆ ಎಂಟೇ ಕೂದಲು, ಅಷ್ಟಕ್ಕೇ ಆ ಸದ್ದು. ಕಡಲಿನದಕ್ಕೆ ಉಂಗುರಕ್ಕೆ ಹತ್ತಾರು. ಕಾಗದ ಒದ್ದೆಯಾದರೆ ಏನೂ ಕೇಳುವುದಿಲ್ಲ, ಓದುಗರಿಗೆ ಅದನ್ನೂ ಹೇಳಿ. ಅಂದಹಾಗೆ ಎರೆಹುಳುವನ್ನು ಇವುಗಳ ‘ದೂರದ ನೆಂಟ’ ಅಂದಿದ್ದೀರಿ. ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಎರೆಹುಳು, ಜಿಗಣೆ ಎರಡೂ ಬಿರುಗೂದಲ ಹುಳುಗಳ ವಂಶದೊಳಗಿಂದಲೇ ಒಡೆದ ಕವಲು.

‘ಇವುಗಳ ಕೂದಲೆಲ್ಲ ವಿಷ’ ಎಂದದ್ದೂ ತಪ್ಪು. ಹೆಚ್ಚಿನವುಗಳ ಕೂದಲು ಕೈಟಿನ್‌ನದು (ಜಿರಳೆಯ ಹೊರಮೈಯಲ್ಲಿರುವ ಗಟ್ಟಿ ವಸ್ತು), ಚುಚ್ಚಿದರೂ ಅಷ್ಟಕ್ಕೇ ಮುಗಿಯಿತು. ಇವುಗಳಲ್ಲೇ ಬೆಂಕಿಹುಳುಗಳೆಂಬ ಕುಟುಂಬದ ಕೂದಲಿನಲ್ಲಿ ಸುಣ್ಣದ ಅಂಶವಿದೆ, ಗಾಜಿನ ಎಳೆಯಂತೆ ಪೆಡಸು. ಚರ್ಮದೊಳಗೆ ಹೊಕ್ಕು ಮುರಿದುಕೊಳ್ಳುತ್ತದೆ, ಉರಿ ಹತ್ತುತ್ತದೆ. ಕಂಬಳಿಹುಳು ತಾಗಿದವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವು ‘ಚೆನ್ನಾಗಿ ತಿಕ್ಕಿ ತೊಳೆಯಿರಿ’ ಎಂದು ಬರೆದಿದ್ದೀರಿ. ಅದನ್ನು ನಾವು ಅಚ್ಚು ಹಾಕಿದರೆ ಪಾಪ ಸುತ್ತಿಕೊಳ್ಳುತ್ತದೆ, ತಿಕ್ಕಿದಷ್ಟೂ ಮುರಿದ ತುಂಡು ಒಳಕ್ಕೆ ಇಳಿಯುತ್ತದೆ. ಅಂಟುಟೇಪು ಮೆಲ್ಲಗೆ ಒತ್ತಿ ಮೇಲಕ್ಕೆ ಎಳೆಯಬೇಕು, ಬಾವು ಏರಿದರೆ ಡಾಕ್ಟರ ಹತ್ತಿರ ಹೋಗಬೇಕು.

ದಾವಣಗೆರೆಯಲ್ಲೂ ಉಪ್ಪುನೀರಿನ ಅಕ್ವೇರಿಯಂ ಇಡುವವರು ಇರುತ್ತಾರೆಂದು ಅವರಿಗಾಗಿ ಒಂದು ಪ್ಯಾರಾ ಸೇರಿಸಿದ್ದೀರಿ, ಸರಿ. ‘ಕಂಡ ಕೂಡಲೇ ಕೊಲ್ಲಿ’ ಅನ್ನುವುದು ಸರಿಯಲ್ಲ. ತೊಟ್ಟಿಗೆ ಹಾಕುವ ಕಡಲ ಕಲ್ಲಿನ ಜೊತೆ ಬರುವ ಸಣ್ಣ ಹುಳುಗಳು ಬಹುಪಾಲು ಮೀನು ಬಿಟ್ಟ ಆಹಾರ, ಸತ್ತ ಬಸವನಹುಳು ತಿಂದು ತೊಟ್ಟಿ ಚೊಕ್ಕ ಮಾಡುವಂಥವು. ವಿಪರೀತ ಹೆಚ್ಚಿದರೆ ತಪ್ಪು ಹುಳುವಿನದಲ್ಲ, ಆಹಾರ ಜಾಸ್ತಿ ಸುರಿಯುವ ಕೈಯದು. ಕಲ್ಲು ಎತ್ತುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಲಿ, ಅಷ್ಟು ಬರೆದರೆ ಸಾಕು.

ಪಲೋಲೊ ಹುಳುವಿನ ಭಾಗ ಉಳಿಯಲಿ, ತಿದ್ದಿಕೊಂಡು. ಸಮೋವಾ ದ್ವೀಪಗಳಲ್ಲಿ ಅಕ್ಟೋಬರ್–ನವೆಂಬರ್‌ನಲ್ಲಿ, ಹುಣ್ಣಿಮೆ ಕಳೆದು ಸುಮಾರು ಒಂದು ವಾರಕ್ಕೆ, ಬಹುಳ ಅಷ್ಟಮಿಯ ಆಸುಪಾಸು ಅನ್ನಿ, ಮೇಲಕ್ಕೆ ಬರುವುದು ಇಡೀ ಹುಳುವಲ್ಲ. ಮೊಟ್ಟೆ ಅಥವಾ ವೀರ್ಯ ತುಂಬಿಕೊಂಡ ಹಿಂಭಾಗ ಕಳಚಿಕೊಂಡು ತಾನೇ ಈಜಿಕೊಂಡು ಬಂದು ಒಡೆಯುತ್ತದೆ. ತಲೆಯಿರುವ ಮುಂಭಾಗ ಹವಳದ ಬಿಲದಲ್ಲೇ ಕೂತು ಹಿಂಭಾಗವನ್ನು ಮತ್ತೆ ಬೆಳೆಸಿಕೊಳ್ಳುತ್ತದೆ. ‘ಸಂತಾನಕ್ಕಾಗಿ ಪ್ರಾಣ ಕೊಡುವ ತಾಯಿ’ ಎಂಬ ಉಪಶೀರ್ಷಿಕೆ ಹಾಗಾಗಿ ಬೇಡ. ಬರುವವರಲ್ಲಿ ಗಂಡೂ ಇದೆ, ಪ್ರಾಣ ಕೊಟ್ಟವರು ಯಾರೂ ಇಲ್ಲ.

ಉಳಿದ ಎಂಟು ಹುಳುಗಳನ್ನು ಬಿಡಿ. ಮೂಳೆ ತಿನ್ನುವ ಒಸೆಡಾಕ್ಸ್‌ಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. 2002ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಕೊಲ್ಲಿಯ ಆಳದಲ್ಲಿ, ತಿಮಿಂಗಿಲದ ಅಸ್ಥಿಯ ಮೇಲೆ ಸಿಕ್ಕಿದ್ದು. ಅದಕ್ಕೆ ಬೇರೆಯದೇ ಲೇಖನ ಬರೆದು ಕಳಿಸಿ, ಖಂಡಿತ ಓದುತ್ತೇವೆ.

ಇದನ್ನು 1,200 ಪದಕ್ಕೆ ಇಳಿಸಿ, ನುಡಿ ಅಥವಾ ಯೂನಿಕೋಡ್‌ನಲ್ಲಿ ಕಳಿಸಿ. ಚಿತ್ರವನ್ನೂ ಬದಲಿಸಿ: ‘ನೀರಿಸ್’ ಎಂದು ಹೆಸರು ಹಾಕಿ ಕಳಿಸಿದ ಫೋಟೋದಲ್ಲಿ ಪಕ್ಕಗಳಲ್ಲಿ ಬಿಳಿ ಕುಚ್ಚು, ಅದರ ಬುಡದಲ್ಲಿ ಕೆಂಪು ಕಿವಿರು ಎದ್ದು ಕಾಣುತ್ತಿವೆ. ಅದು ಬೆಂಕಿಹುಳು.